ಹೊಳೆಯುವ ವೆಬ್ಲಿ ತಗೊಳ್ಳಲೋ, ಕಂದು ವೆಬ್ಲಿ ತಗೊಳ್ಳಲೋ?

ಓದುಗರೊಬ್ಬರ ಪ್ರಶ್ನೆ: ಹಳೇ ಸೈನ್ಯದ ರಿವಾಲ್ವರ್‌ಗಳನ್ನು ಸಂಗ್ರಹಿಸಬೇಕು ಅಂತ ಬಹಳ ದಿನದ ಆಸೆ. ಲೈಸೆನ್ಸಿನ ಕೆಲಸ ಮುಗಿಸಿಕೊಂಡಿದ್ದೇನೆ. ಒಬ್ಬ ವ್ಯಾಪಾರಿಯ ಹತ್ತಿರ ಎರಡು ವೆಬ್ಲಿ ಮಾರ್ಕ್ 6 ನೋಡಿದೆ. ಒಂದಕ್ಕೆ ನಿಕಲ್ ಹಾಕಿದ್ದಾರೆ, ಕನ್ನಡಿ ಹಾಗೆ ಹೊಳೆಯುತ್ತೆ. ಇನ್ನೊಂದು ಮಂಕಾಗಿ ಕಂದು ಬಣ್ಣಕ್ಕೆ ತಿರುಗಿದೆ, ಅಲ್ಲಲ್ಲಿ ತುಕ್ಕು ಇದೆ. ಎರಡಕ್ಕೂ ಒಂದೇ ಬೆಲೆ. ಯಾವುದು ತಗೊಳ್ಳಲಿ? ಕಂದು ಬಣ್ಣದ್ದನ್ನು ತಗೊಂಡರೆ ಉಜ್ಜಿ ಹೊಳಪು ಬರಿಸಬಹುದಾ? ಅದರಲ್ಲಿ ಗುಂಡು ಹಾರಿಸಬಹುದಾ? ಇದಾದ ಮೇಲೆ ಯಾವ ರಿವಾಲ್ವರ್ ಹುಡುಕಲಿ?

ಉತ್ತರ:

ಕಂದು ಬಣ್ಣದ್ದನ್ನೇ ತಗೊಳ್ಳಿ. ಕಣ್ಣು ಮುಚ್ಚಿಕೊಂಡು ತಗೊಳ್ಳಿ ಅಂತಲ್ಲ, ಮೊದಲು ನೋಡಬೇಕಾದ್ದು ಕೆಲವು ಇವೆ, ಮುಂದೆ ಬರೆಯುತ್ತೇನೆ. ಆದರೆ ಬೆಲೆ ಒಂದೇ ಆಗಿದ್ದರೆ ಜಾಸ್ತಿ ಯೋಚನೆ ಬೇಡ. ನಿಕಲ್ ಹಾಕಿದ್ದರಲ್ಲಿ ನಿಮಗೆ ಸಿಗೋದು ಹೊಳಪು. ಕಂದು ಬಣ್ಣದ್ದರಲ್ಲಿ ಅದು ಯಾರ ಕೈಯಲ್ಲಿತ್ತು, ಯಾವಾಗ ಸೇನೆಗೆ ಬಂತು, ಯಾವಾಗ ಹೊರಗೆ ಹೋಯಿತು ಅನ್ನೋದೆಲ್ಲ ಲೋಹದ ಮೇಲೇ ಬರೆದಿರುತ್ತೆ. ನಾವು ದುಡ್ಡು ಕೊಡೋದು ಆ ಬರಹಕ್ಕೆ.

ಮಾರ್ಕ್ 6 ಬ್ರಿಟಿಷ್ ಸೇನೆಗೆ ಬಂದದ್ದು 1915ರಲ್ಲಿ, ಮೊದಲ ಮಹಾಯುದ್ಧದ ನಡುವೆ. ಮಾಡಿದ್ದು ಬರ್ಮಿಂಗ್‌ಹ್ಯಾಮಿನ ವೆಬ್ಲಿ ಅಂಡ್ ಸ್ಕಾಟ್. ಯುದ್ಧ ಮುಗಿದ ಮೇಲೆ, 1921ರಿಂದ 1926ರ ತನಕ, ಎನ್‌ಫೀಲ್ಡಿನ ಸರ್ಕಾರಿ ಕಾರ್ಖಾನೆಯೂ ಇದನ್ನು ಮಾಡಿತು. .455 ಕ್ಯಾಲಿಬರ್, ಆರು ಗುಂಡು, ಆರು ಇಂಚಿನ ಬ್ಯಾರೆಲ್. 1887ರ ಮಾರ್ಕ್ 1ರಿಂದ ಮಾರ್ಕ್ 5ರವರೆಗೆ ಹಿಡಿ ಹಕ್ಕಿಯ ತಲೆಯ ಹಾಗೆ ಬಾಗಿತ್ತು, ಆರನೆಯದರಲ್ಲಿ ಬುಡ ಚಪ್ಪಟೆಯಾಗಿ ಚೌಕಾಕಾರಕ್ಕೆ ಬಂತು. ಕಂದಕದ ಕೆಸರಿಗೆ ಅಂತ ಮಾಡಿದ ವಸ್ತು ಇದು, ಸೇನೆ ಇದಕ್ಕೆ ನಿಕಲ್ ಹಾಕಿಸಲಿಲ್ಲ. ಆ ಕಾಲದ ಅಧಿಕಾರಿಗಳು ಸ್ವಂತ ದುಡ್ಡಲ್ಲಿ ಕೊಂಡ ರಿವಾಲ್ವರ್‌ಗಳಲ್ಲಿ ನಿಕಲ್ ಇದ್ದದ್ದು ಉಂಟು, ಅದು ಬೇರೆ ವಿಷಯ. ಸೇನೆಯ ಠಸ್ಸೆ ಬಿದ್ದಿರೋ ಮಾರ್ಕ್ 6 ಮೇಲೆ ನಿಕಲ್ ಕಂಡರೆ ಅದು ಸೇನೆಯಿಂದ ಹೊರಬಿದ್ದ ಮೇಲೆ ಯಾರೋ ಹಾಕಿಸಿದ್ದು ಅಂತಲೇ ಹಿಡಿಯಿರಿ.

ಹಾಕಿಸಿದರೆ ಏನು ತಪ್ಪು ಅಂತ ಕೇಳಬಹುದು. ನಿಕಲ್ ಹಾಕುವ ಮೊದಲು ಲೋಹವನ್ನು ತಿರುಗುವ ಚಕ್ರಕ್ಕೆ ಹಿಡಿದು ಉಜ್ಜುತ್ತಾರೆ. ಆಗ ಮೂಲೆಗಳ ಚೂಪು ಹೋಗುತ್ತೆ, ಅಕ್ಷರಗಳು ತೆಳ್ಳಗಾಗುತ್ತವೆ, ಸ್ಕ್ರೂ ಕೂರುವ ತೂತಿನ ಅಂಚು ಸವೆದು ಸುತ್ತಲೂ ಸಣ್ಣ ತಟ್ಟೆಯ ಹಾಗೆ ತಗ್ಗಾಗುತ್ತೆ. ಉಳಿದ ಅಕ್ಷರಗಳ ಒಳಗೆ ನಿಕಲ್ ತುಂಬಿಕೊಳ್ಳುತ್ತೆ. ಒಂದು ಭೂತಗನ್ನಡಿ ತಗೊಂಡು ಆ ಎರಡೂ ರಿವಾಲ್ವರ್‌ಗಳ ಒಂದೇ ಠಸ್ಸೆಯನ್ನು ಅಕ್ಕಪಕ್ಕ ಇಟ್ಟು ನೋಡಿ. ಕಂದು ಬಣ್ಣದ್ದರಲ್ಲಿ ಅಂಕಿಯ ಅಂಚು ಉಳಿಯಿಂದ ಕಡಿದ ಹಾಗೆ ನೇರವಾಗಿರುತ್ತೆ. ಹೊಳೆಯೋದರಲ್ಲಿ ಅದೇ ಅಂಕಿ ನೀರಲ್ಲಿ ನೆನೆದ ಸೋಪಿನ ಮೇಲೆ ಬರೆದ ಹಾಗೆ ಇರುತ್ತೆ. ಒಂದು ಸಲ ಈ ವ್ಯತ್ಯಾಸ ಕಣ್ಣಿಗೆ ಕೂತರೆ ಮುಂದೆ ಯಾವ ಅಂಗಡಿಯಲ್ಲಿ ನಿಂತರೂ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತೆ.

ಇದೇ ಕಣ್ಣು ಕಪ್ಪು ಬಣ್ಣಕ್ಕೂ ಬೇಕು. ಹಳೇ ರಿವಾಲ್ವರಿಗೆ ಹೊಸದಾಗಿ ಬ್ಲೂಯಿಂಗ್, ಅಂದರೆ ಉಕ್ಕಿಗೆ ಕೊಡುವ ಕಪ್ಪು ನೀಲಿ ಬಣ್ಣ, ಮಾಡಿಸಿ ಮಾರೋದು ನಿಕಲ್‌ಗಿಂತ ಜಾಸ್ತಿ ನಡೆಯುತ್ತೆ. ಅದರಲ್ಲೂ ಕೆಲವು ರಿವಾಲ್ವರ್‌ಗಳಿಗೆ ಮೂಲದಲ್ಲಿ ಬಣ್ಣವೇ ಇರಲಿಲ್ಲ. ಫ್ರಾನ್ಸಿನ 1873ರ ಮಾಡೆಲ್ ತಗೊಳ್ಳಿ, ಸಾಂತ್ ಎತಿಯೆನ್ ಕಾರ್ಖಾನೆಯದು, 11 ಮಿ.ಮೀ. ಸಾಮಾನ್ಯ ಸೈನಿಕನಿಗೆ ಕೊಡುತ್ತಿದ್ದ ಈ ರಿವಾಲ್ವರ್ ಬಿಳಿ ಉಕ್ಕಿನಲ್ಲೇ ಇರುತ್ತಿತ್ತು. ಮರುವರ್ಷ ಅಧಿಕಾರಿಗಳಿಗೆ ಅಂತ ಬಂದ 1874ರ ಮಾಡೆಲ್‌ಗೆ ಬ್ಲೂಯಿಂಗ್ ಇತ್ತು, ಸಿಲಿಂಡರಿಗೆ, ಅಂದರೆ ಗುಂಡು ತುಂಬುವ ತಿರುಗುವ ಉರುಳೆಗೆ, ಗೀರು ತೋಡಿರುತ್ತಿದ್ದರು. ಯಾರಾದರೂ ಕಪ್ಪಗೆ ಮಿಂಚುವ 1873 ತೋರಿಸಿ 'ಹೊಸದರ ಹಾಗಿದೆ' ಅಂದರೆ, ಅದರ ಬಣ್ಣ ಕಾರ್ಖಾನೆಯದಲ್ಲ. ಒಂದೊಂದು ಮಾಡೆಲ್ ಕಾರ್ಖಾನೆ ಬಿಟ್ಟಾಗ ಹೇಗಿತ್ತು ಅಂತ ಮೊದಲು ತಿಳಿದುಕೊಂಡು ಆಮೇಲೆ ದುಡ್ಡಿನ ಮಾತು ಎತ್ತಿ.

ಈಗ ಉಜ್ಜುವ ವಿಷಯ. ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಬೇಡ ಅಂತ. ದಯವಿಟ್ಟು ಬೇಡ. ಶುರುವಿನ ದಿನಗಳಲ್ಲಿ ನನ್ನ ಕೈಗೆ ಜರ್ಮನಿಯ 1883ರ ರೈಷ್ ರಿವಾಲ್ವರ್ ಒಂದು ಬಂದಿತ್ತು. 10.6 ಮಿ.ಮೀ., ಆರು ಗುಂಡು, ಪ್ರತಿ ಸಲವೂ ಹ್ಯಾಮರನ್ನು (ತೋಟಾದ ಬುಡಕ್ಕೆ ಬಡಿಯುವ ಸುತ್ತಿಗೆ) ಹೆಬ್ಬೆರಳಿನಿಂದ ಎಳೆಯಬೇಕು, ಪಕ್ಕದಲ್ಲಿ ಒಂದು ಸೇಫ್ಟಿ ಕೀಲಿ. ಹಿಡಿಯ ಲೋಹದ ಮೇಲೆ ಗಟ್ಟಿ ತುಕ್ಕು ಕೂತಿತ್ತು. ನಾನು ಎಮರಿ ಪೇಪರ್ ತಗೊಂಡು ಒಂದು ಸಂಜೆ ಪೂರ್ತಿ ಕೂತು ಉಜ್ಜಿದೆ. ತುಕ್ಕು ಹೋಗುತ್ತಾ ಹೋಗುತ್ತಾ ಕೆಳಗೆ ಒಂದು ಅಕ್ಷರದ ಕಾಲು ಕಂಡಿತು, ಪಕ್ಕದಲ್ಲಿ ಒಂದು ಚುಕ್ಕೆ, ಆಮೇಲೆ ಅರ್ಧ ಅಂಕಿ. ಅದು ರೆಜಿಮೆಂಟಿನ ಗುರುತು. ಯಾವ ರೆಜಿಮೆಂಟು, ಯಾವ ಕಂಪನಿ, ಆ ಕಂಪನಿಯಲ್ಲಿ ಎಷ್ಟನೇ ಆಯುಧ ಅಂತ ಜರ್ಮನ್ನರು ಅಲ್ಲೇ ಠಸ್ಸೆ ಹೊಡೆಯುತ್ತಿದ್ದರು. ನಾನು ಗಮನಿಸುವಷ್ಟರಲ್ಲಿ ಉಳಿದದ್ದೆಲ್ಲ ಪುಡಿಯಾಗಿ ಮೇಜಿನ ಮೇಲೆ ಬಿದ್ದಿತ್ತು. ಅದು ಇವತ್ತಿಗೂ ನನ್ನ ಹತ್ತಿರ ಇದೆ. ಅರ್ಧ ಅಂಕಿಯ ಮೇಲೆ ಬೆರಳು ಆಡಿಸಿದಾಗಲೆಲ್ಲ ಹೊಟ್ಟೆ ಉರಿಯುತ್ತೆ, ಯಾಕಂದರೆ ಆ ಗುರುತನ್ನು ನೂರು ವರ್ಷದ ತುಕ್ಕು ಕೂಡ ಅಳಿಸಿರಲಿಲ್ಲ.

ಹಾಗಂತ ತುಕ್ಕನ್ನು ಹಾಗೇ ಬಿಡಿ ಅಂತಲೂ ಅಲ್ಲ. ತುಕ್ಕಿನಲ್ಲಿ ಎರಡು ತರಹ ಇದೆ. ಬೆರಳಿಗೆ ಕೆಂಪು ಪುಡಿ ಅಂಟಿದರೆ ಅದು ಇನ್ನೂ ಲೋಹ ತಿನ್ನುತ್ತಿದೆ, ಅದನ್ನು ನಿಲ್ಲಿಸಬೇಕು. ಗಾಢ ಕಂದು ಬಣ್ಣದಲ್ಲಿ ನಯವಾಗಿ, ಒಣಗಿ, ಗಟ್ಟಿಯಾಗಿ ಕೂತಿದ್ದರೆ ಅದು ಸದ್ಯಕ್ಕೆ ಶಾಂತವಾಗಿದೆ, ಅದನ್ನು ಮುಟ್ಟಬೇಡಿ. ಕೆಂಪು ತುಕ್ಕಿನ ಮೇಲೆ ತೆಳುವಾದ ಎಣ್ಣೆ ಹಾಕಿ ಒಂದೆರಡು ದಿನ ನೆನೆಯಲು ಬಿಡಿ. ಆಮೇಲೆ ತಾಮ್ರ ಅಥವಾ ಹಿತ್ತಾಳೆಯ ಚೂರಿನ ಅಂಚಿನಿಂದ, ಎಣ್ಣೆ ಇರುವಾಗಲೇ, ಮೆಲ್ಲಗೆ ಕೆರೆಯಿರಿ. ತಾಮ್ರ ಉಕ್ಕಿಗಿಂತ ಮೆತ್ತಗೆ, ಹಾಗಾಗಿ ತುಕ್ಕು ಏಳುತ್ತೆ, ಉಕ್ಕಿಗೆ ಗೀರು ಬೀಳಲ್ಲ. ಒರೆಸಿ, ಮತ್ತೆ ಎಣ್ಣೆ ಹಾಕಿ, ಮತ್ತೆ ಕಾಯಿರಿ. ಇದು ವಾರಗಟ್ಟಲೆ ಹಿಡಿಯುವ ಕೆಲಸ. ಡ್ರಿಲ್ಲಿಗೆ ಹಾಕುವ ತಂತಿ ಬ್ರಷ್, ಎಮರಿ, ಆಸಿಡ್ ಇರುವ ತುಕ್ಕು ನಾಶಕ, ಇವು ಯಾವುದೂ ಹತ್ತಿರ ಬರಬಾರದು. ಆಸಿಡ್ ತುಕ್ಕಿನ ಜೊತೆ ಹಳೇ ಬ್ಲೂಯಿಂಗನ್ನೂ ಎತ್ತಿಕೊಂಡು ಹೋಗುತ್ತೆ, ಹಿಂದೆ ಬೂದು ಬಣ್ಣದ ಬೋಳು ಲೋಹ ಉಳಿಯುತ್ತೆ. ಮರದ ಹಿಡಿಗೂ ಇದೇ ಮಾತು. ಅಮೆರಿಕದ ಹಳೇ ಸೈನ್ಯದ ರಿವಾಲ್ವರ್‌ಗಳ ಮರದ ಹಿಡಿಯಲ್ಲಿ ಇನ್‌ಸ್ಪೆಕ್ಟರರ ಮೊಹರು ಒತ್ತಿರುತ್ತೆ, ಒಂದು ಸಲ ಮರಳು ಕಾಗದ ಆಡಿಸಿದರೆ ಅದು ಹೋಯಿತು.

ಸ್ಕ್ರೂ ಬಿಚ್ಚಲೇಬೇಕು ಅಂದರೆ ಸ್ಕ್ರೂನ ಗೀರಿಗೆ ಸರಿಯಾಗಿ, ಒಂಚೂರೂ ಅಲುಗಾಡದ ಹಾಗೆ ಕೂರುವ ಸ್ಕ್ರೂಡ್ರೈವರ್ ಇಟ್ಟುಕೊಳ್ಳಿ. ಮನೆಯಲ್ಲಿರೋ ಸಾಮಾನ್ಯ ಸ್ಕ್ರೂಡ್ರೈವರಿನ ತುದಿ ಇಳಿಜಾರಾಗಿರುತ್ತೆ, ಜಾರಿ ಗೀರಿನ ಅಂಚು ಕಿತ್ತುಹಾಕುತ್ತೆ. ಹರಿದ ಸ್ಕ್ರೂ ತಲೆ ಕಂಡರೆ ಕೊಳ್ಳುವವರೂ ಅನುಮಾನ ಪಡುತ್ತಾರೆ, ಒಳಗೆ ಯಾರೋ ಕೈ ಹಾಕಿದ್ದಾರೆ ಅಂತ. ಅನುಮಾನ ಪಡೋದು ಸರಿಯೇ.

ಈಗ ಆ ಕಂದು ವೆಬ್ಲಿಯ ಹತ್ತಿರ ಮತ್ತೆ ಹೋಗಿ. ಮೊದಲ ಕೆಲಸ, ಯಾವ ರಿವಾಲ್ವರ್ ಆದರೂ, ಖಾಲಿ ಇದೆಯಾ ಅಂತ ನೀವೇ ನೋಡೋದು. ವ್ಯಾಪಾರಿ ಹೇಳಿದರು ಅಂತ ನಂಬೋದಲ್ಲ. ಮದ್ದು ಮತ್ತು ಸೀಸವನ್ನು ಮುಂದಿನಿಂದ ತುಂಬುವ 1850–60ರ ದಶಕದ ರಿವಾಲ್ವರ್‌ಗಳಲ್ಲಂತೂ ಹಿಂದಿನಿಂದ ನೋಡಿದರೆ ಏನೂ ಗೊತ್ತಾಗಲ್ಲ. ನೂರೈವತ್ತು ವರ್ಷದ ಹಿಂದೆ ತುಂಬಿದ್ದು ಹಾಗೇ ಒಳಗೆ ಇರಬಹುದು, ಒಣಗಿದ್ದ ಕಪ್ಪು ಮದ್ದು ಇವತ್ತೂ ಹೊತ್ತಿಕೊಳ್ಳುತ್ತೆ.

ವೆಬ್ಲಿಯ ಲಾಚ್ ಒತ್ತಿ ಬ್ಯಾರೆಲ್ ಕೆಳಗೆ ಬಾಗಿಸಿ. ಸಿಲಿಂಡರಿನ ನಡುವಿಂದ ಖಾಲಿ ತೋಟಾಗಳನ್ನು ಹೊರದಬ್ಬುವ, ನಕ್ಷತ್ರದ ಆಕಾರದ ಎಕ್ಸ್‌ಟ್ರಾಕ್ಟರ್ ಮೇಲೆದ್ದು ಪಟ್ ಅಂತ ಒಳಗೆ ಕೂರಬೇಕು. ಮುಚ್ಚಿ. ಈಗ ಪಕ್ಕದಿಂದ ಬೆಳಕಿಗೆ ಹಿಡಿದು ಸಿಲಿಂಡರಿನ ಹಿಂಬದಿಗೂ ಅದರ ಹಿಂದಿನ ಗೋಡೆಗೂ ನಡುವಿನ ಸಂದು ನೋಡಿ. ಇದು ಬಹಳ ಮುಖ್ಯ. ಎರಡನೇ ಮಹಾಯುದ್ಧದ ನಂತರ ಅಮೆರಿಕಕ್ಕೆ ರಾಶಿಗಟ್ಟಲೆ ವೆಬ್ಲಿ ಹೋದವು, ಆದರೆ ಅಲ್ಲಿ .455 ತೋಟಾ ಸಿಗುತ್ತಿರಲಿಲ್ಲ, ಅಲ್ಲಿನ ಪಿಸ್ತೂಲಿನ ತೋಟಾ .45 ಎಸಿಪಿ ಬೇಕಾದಷ್ಟು ಸಿಗುತ್ತಿತ್ತು. ಅದಕ್ಕೆ ಸಿಲಿಂಡರಿನ ಹಿಂಬದಿಯನ್ನು ಲೇತಿನಲ್ಲಿ ಕಡಿದು, ಅರ್ಧಚಂದ್ರ ಆಕಾರದ ತಗಡಿನ ಕ್ಲಿಪ್ಪಿನಲ್ಲಿ .45 ಎಸಿಪಿ ಸಿಕ್ಕಿಸಿ ಹಾಕುವ ಹಾಗೆ ಮಾಡಿದರು. ಹೀಗೆ ಕಡಿದ ಸಿಲಿಂಡರಿನ ಹಿಂದೆ ಸಂದು ಎದ್ದು ಕಾಣುತ್ತೆ. ಸಂಗ್ರಹಕಾರನಿಗೆ ಅದು ಬೆಲೆ ಇಳಿಸುವ ಕೊರತೆ. ಹಾರಿಸುವವನಿಗೆ ಅದು ಅಪಾಯ, ಯಾಕಂದರೆ ಕಾರ್ಖಾನೆಯ .45 ಎಸಿಪಿ ತೋಟಾದ ಒತ್ತಡ .455ರ ಒತ್ತಡಕ್ಕಿಂತ ತುಂಬಾ ಜಾಸ್ತಿ, ವೆಬ್ಲಿಯನ್ನು ಅದಕ್ಕೆ ಅಂತ ಮಾಡಿಲ್ಲ.

ಆಮೇಲೆ ನಂಬರುಗಳು. ಬಾಡಿ, ಬ್ಯಾರೆಲ್, ಸಿಲಿಂಡರ್ ಮೂರರ ಮೇಲೂ ಒಂದೇ ನಂಬರ್ ಇದೆಯಾ ನೋಡಿ. ಬಾಣದ ಗುರುತು ಹುಡುಕಿ. ಮೂರು ಗೀಟಿನ ಅಗಲ ಬಾಣ ಇದ್ದರೆ ಅದು ಬ್ರಿಟಿಷ್ ಸರ್ಕಾರದ ಆಸ್ತಿ ಅಂತ. ಎರಡು ಬಾಣಗಳು ತುದಿಗೆ ತುದಿ ತಾಗಿಸಿ ನಿಂತಿದ್ದರೆ ಸೇನೆ ಅದನ್ನು ಲೆಕ್ಕದಿಂದ ತೆಗೆದು ಮಾರಿದೆ ಅಂತ. ನನಗೆ ಈ ಎರಡು ಬಾಣ ಕಂಡರೆ ಬಹಳ ಖುಷಿ. ಆ ವಸ್ತು ಕದ್ದು ಬಂದದ್ದಲ್ಲ, ಲೆಕ್ಕ ಮುಗಿಸಿಕೊಂಡು ಮರ್ಯಾದೆಯಾಗಿ ಹೊರಬಂದದ್ದು ಅಂತ ಅದೇ ಹೇಳುತ್ತೆ.

ನಂಬರ್ ಹೊಂದೋದೇ ದೊಡ್ಡದು ಅಂತ ಎಲ್ಲರೂ ಹೇಳುತ್ತಾರೆ, ನೀವೂ ಕೇಳಿರುತ್ತೀರಿ. ಎಲ್ಲ ಕಡೆ ಅದು ನಿಜವಲ್ಲ. ಕೋಲ್ಟ್ ಸಿಂಗಲ್ ಆಕ್ಷನ್ ಆರ್ಮಿಯನ್ನು ಅಮೆರಿಕದ ಸೇನೆ 1873ರಲ್ಲಿ ತಗೊಂಡಿತು, ಏಳೂವರೆ ಇಂಚಿನ ಬ್ಯಾರೆಲ್. 1890ರ ದಶಕದಲ್ಲಿ ಹಳೇ ರಿವಾಲ್ವರ್‌ಗಳನ್ನು ವಾಪಸ್ ತರಿಸಿ, ಬಿಚ್ಚಿ, ಬ್ಯಾರೆಲನ್ನು ಐದೂವರೆ ಇಂಚಿಗೆ ಕಡಿದು ಮತ್ತೆ ಜೋಡಿಸಿದರು. ಜೋಡಿಸುವಾಗ ಯಾವ ಭಾಗ ಯಾವುದರದ್ದು ಅಂತ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಸಂಗ್ರಹಕಾರರು ಇವನ್ನು ಆರ್ಟಿಲರಿ ಮಾಡೆಲ್ ಅನ್ನುತ್ತಾರೆ. ಇವುಗಳಲ್ಲಿ ಬಹುಪಾಲಿನಲ್ಲಿ ನಂಬರುಗಳು ಬೆರೆತೇ ಇರುತ್ತವೆ. ಇಲ್ಲಿ ಅದು ಕೊರತೆಯೇ ಅಲ್ಲ, ಅದೇ ಅದರ ಚರಿತ್ರೆ.

ಇನ್ನೊಂದು ಕಡೆ ರಷ್ಯಾದ ನಗಾಂ 1895. ಶುರು ಮಾಡುವವರಿಗೆ ಮೊದಲು ಸಿಗೋದು ಇದೇ, ಯಾಕಂದರೆ ಇಪ್ಪತ್ತು ಲಕ್ಷದ ಆಸುಪಾಸು ಮಾಡಿದ್ದಾರೆ. ಸೋವಿಯತ್ ಉಗ್ರಾಣಗಳು ಯುದ್ಧದ ನಂತರ ಇವನ್ನು ಬಿಚ್ಚಿ, ತೊಳೆದು, ಹೊಸದಾಗಿ ಕಪ್ಪು ಬಣ್ಣ ಹಾಕಿ, ಹೊಂದದ ಭಾಗಗಳ ಮೇಲೆ ವಿದ್ಯುತ್ ಪೆನ್ಸಿಲ್ಲಿನಿಂದ ನಂಬರ್ ಬರೆದು ಹೊಂದಿಸಿದವು. ಮಾರುವವರು 'ಎಲ್ಲ ನಂಬರೂ ಮ್ಯಾಚಿಂಗ್' ಅನ್ನುತ್ತಾರೆ. ಸುಳ್ಳೇನೂ ಅಲ್ಲ, ಆದರೆ ಆ ನಂಬರ್ ಹುಟ್ಟಿನಿಂದ ಬಂದದ್ದಲ್ಲ. ಠಸ್ಸೆ ಹೊಡೆದ ಅಂಕಿ ಆಳವಾಗಿ, ಅಂಚು ಚೂಪಾಗಿ ಇರುತ್ತೆ. ವಿದ್ಯುತ್ ಪೆನ್ಸಿಲ್ಲಿನದು ನಡುಗುವ ಕೈಬರಹದ ಹಾಗೆ ಮೇಲ್ಮೈಯಲ್ಲೇ ಇರುತ್ತೆ. ಬಾಡಿಯ ಮೇಲೆ ಒಂದು ಚೌಕ, ಅದರ ಒಳಗೆ ಓರೆ ಗೀಟು ಇದ್ದರೆ ಅದು ಹೀಗೆ ದುರಸ್ತಿಯಾದದ್ದರ ಗುರುತು. ಹಾಗಂತ ತಗೊಳ್ಳಬೇಡಿ ಅಂತ ನಾನು ಹೇಳಲ್ಲ. ಏನು ತಗೊಳ್ಳುತ್ತಿದ್ದೀರಿ ಅಂತ ಗೊತ್ತಿದ್ದು ತಗೊಳ್ಳಿ.

ನಗಾಂ ಬಗ್ಗೆ ಇನ್ನೊಂದು ಮಾತು ಹೇಳದೆ ಮುಂದೆ ಹೋಗೋಕೆ ಮನಸ್ಸಿಲ್ಲ. ಬೇರೆ ರಿವಾಲ್ವರ್‌ಗಳಲ್ಲಿ ಸಿಲಿಂಡರಿಗೂ ಬ್ಯಾರೆಲಿಗೂ ನಡುವೆ ಕೂದಲೆಳೆಯಷ್ಟು ಸಂದು ಇರಲೇಬೇಕು, ಇಲ್ಲದಿದ್ದರೆ ಸಿಲಿಂಡರ್ ತಿರುಗಲ್ಲ. ಹಾರಿಸಿದಾಗ ಬಿಸಿ ಗಾಳಿ ಅಲ್ಲಿಂದ ಸೋರುತ್ತೆ. ಬೆಲ್ಜಿಯಂನ ಲಿಯೇಜಿನ ಲಿಯೋನ್ ನಗಾಂ ಇದಕ್ಕೆ ಕಂಡುಕೊಂಡ ಉಪಾಯ ಏನಂದರೆ, ಹ್ಯಾಮರ್ ಎಳೆದಾಗ ಸಿಲಿಂಡರ್ ತಿರುಗೋದರ ಜೊತೆಗೆ ಇಡೀ ಸಿಲಿಂಡರೇ ಮುಂದಕ್ಕೆ ಸರಿದು ಬ್ಯಾರೆಲಿನ ಹಿಂಬದಿಯನ್ನು ತಬ್ಬಿಕೊಳ್ಳುತ್ತೆ. ತೋಟಾದಲ್ಲಿ ಗುಂಡು ಹೊರಗೆ ಕಾಣಲ್ಲ, ಹಿತ್ತಾಳೆಯ ಕವಚದೊಳಗೇ ಪೂರ್ತಿ ಮುಳುಗಿರುತ್ತೆ. ಕವಚದ ಬಾಯಿ ಬ್ಯಾರೆಲಿನೊಳಗೆ ಹೋಗಿ, ಹಾರಿಸಿದಾಗ ಅರಳಿ, ಸಂದು ಮುಚ್ಚಿಕೊಳ್ಳುತ್ತೆ. ಏಳು ಗುಂಡು, 7.62 ಮಿ.ಮೀ. ಇಷ್ಟೆಲ್ಲ ಕೆಲಸ ಒಂದೇ ಟ್ರಿಗರ್ ಮಾಡಬೇಕಾದ್ದರಿಂದ ಅದನ್ನು ಎಳೆಯೋದು ವಿಪರೀತ ಭಾರ. ಖಾಲಿ ನಗಾಂ ಹಿಡಿದು ನಿಧಾನಕ್ಕೆ ಹ್ಯಾಮರ್ ಎಳೆದು, ಸಿಲಿಂಡರ್ ಮುಂದೆ ಹೋಗೋದನ್ನು ನೋಡಿ, ಮತ್ತೆ ಹೆಬ್ಬೆರಳಲ್ಲಿ ಹಿಡಿದು ಮೆಲ್ಲಗೆ ಇಳಿಸಿ. ಇಂಥ ಯೋಚನೆ ಒಬ್ಬ ಮನುಷ್ಯನ ತಲೆಯಲ್ಲಿ ಹುಟ್ಟಿತಲ್ಲ ಅಂತ ನನಗೆ ಇವತ್ತಿಗೂ ಆಶ್ಚರ್ಯ.

ನಕಲಿ ಠಸ್ಸೆಯ ಬಗ್ಗೆ ಎಚ್ಚರ ಇರಲಿ, ಮುಖ್ಯವಾಗಿ ಕೋಲ್ಟಿನಲ್ಲಿ. ಸಾಮಾನ್ಯ ಕೋಲ್ಟಿಗೂ 'ಯು.ಎಸ್.' ಅಂತ ಒತ್ತಿರೋ ಸೈನ್ಯದ ಕೋಲ್ಟಿಗೂ ಬೆಲೆಯಲ್ಲಿ ದೊಡ್ಡ ಅಂತರ ಇರೋದರಿಂದ ಮೋಸ ಮಾಡುವವರಿಗೆ ಅದೇ ಆಸೆ. ಕಾರ್ಖಾನೆಯಲ್ಲಿ ಠಸ್ಸೆ ಹೊಡೆದ ನಂತರ ಬಣ್ಣ ಕೊಡುತ್ತಿದ್ದರು, ಹಾಗಾಗಿ ಅಕ್ಷರದ ತಳದಲ್ಲೂ ಬಣ್ಣದ ಕುರುಹು ಇರುತ್ತೆ, ಸುತ್ತಲಿನ ಲೋಹ ಸಮನಾಗಿರುತ್ತೆ. ಆಮೇಲೆ ಹೊಡೆದದ್ದಾದರೆ ಅಕ್ಷರದ ಸುತ್ತ ಲೋಹ ಉಬ್ಬಿ ದಿಬ್ಬದ ಹಾಗೆ ಎದ್ದಿರುತ್ತೆ, ಬೆರಳ ತುದಿಗೆ ತಾಗುತ್ತೆ. ಕೋಲ್ಟ್ ಆರ್ಕೈವ್ಸ್ ಮತ್ತು ಸ್ಮಿತ್ ಅಂಡ್ ವೆಸನ್ ಹಿಸ್ಟಾರಿಕಲ್ ಫೌಂಡೇಶನ್, ಇವೆರಡೂ ನಂಬರ್ ಕೊಟ್ಟರೆ ಹಳೇ ದಾಖಲೆ ನೋಡಿ ಆ ರಿವಾಲ್ವರ್ ಯಾವ ದಿನ ಎಲ್ಲಿಗೆ ಹೋಯಿತು ಅಂತ ಕಾಗದ ಬರೆದು ಕೊಡುತ್ತವೆ. ದುಬಾರಿ ವಸ್ತು ಆದರೆ ಆ ಕಾಗದದ ಖರ್ಚಿಗೆ ಹಿಂದೆಮುಂದೆ ನೋಡಬೇಡಿ.

ಹಾರಿಸುವ ಪ್ರಶ್ನೆಗೆ ಬರೋಣ. ನನ್ನ ಅಭಿಪ್ರಾಯ ಕೇಳಿದರೆ, ಸಂಗ್ರಹಕ್ಕೆ ಅಂತ ತಗೊಂಡಿದ್ದನ್ನು ಹಾರಿಸಬೇಡಿ. ನೂರು ವರ್ಷದ ಸ್ಪ್ರಿಂಗು ಮುರಿದರೆ ಅದೇ ಕಾಲದ ಇನ್ನೊಂದು ಸಿಗಲ್ಲ. ಹಾರಿಸಲೇಬೇಕು ಅನ್ನುವ ಆಸೆ ಬಲವಾಗಿದ್ದರೆ, ಕಾನೂನು ಒಪ್ಪೋದಾದರೆ, ಮೊದಲು ಒಬ್ಬ ಅರ್ಹ ಬಂದೂಕು ಮೇಸ್ತ್ರಿಗೆ ತೋರಿಸಿ. ಯಾವ ತೋಟಾ ಹೋಗುತ್ತೆ ಅನ್ನೋದಕ್ಕೂ ಯಾವ ತೋಟಾ ಹಾಕಬೇಕು ಅನ್ನೋದಕ್ಕೂ ಬಹಳ ವ್ಯತ್ಯಾಸ ಇದೆ. ಕಪ್ಪು ಮದ್ದಿನ ಕಾಲದ ರಿವಾಲ್ವರಿಗೆ ಈಗಿನ ಹೊಗೆಯಿಲ್ಲದ ಮದ್ದಿನ ತೋಟಾ, ಒಳಗೆ ಸಲೀಸಾಗಿ ಕೂತರೂ, ಹಾಕುವ ಹಾಗಿಲ್ಲ.

ಸ್ಮಿತ್ ಅಂಡ್ ವೆಸನ್ ವಿಕ್ಟರಿ ಮಾಡೆಲ್ ಇದಕ್ಕೆ ಒಳ್ಳೆ ಉದಾಹರಣೆ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿಗೂ ಅದರ ಜೊತೆಗಿನ ದೇಶಗಳಿಗೂ ಹೋದ ವಿಕ್ಟರಿಯಲ್ಲಿ .38 ಎಸ್ ಅಂಡ್ ಡಬ್ಲ್ಯು ತೋಟಾ, ಐದು ಇಂಚಿನ ಬ್ಯಾರೆಲ್. ಅಮೆರಿಕ ತನಗೆ ಇಟ್ಟುಕೊಂಡದ್ದರಲ್ಲಿ .38 ಸ್ಪೆಷಲ್, ಸಾಮಾನ್ಯವಾಗಿ ನಾಲ್ಕು ಇಂಚು. ಹೆಸರಲ್ಲಿ ಎರಡೂ .38, ಆದರೆ ಮೊದಲನೆಯದರ ಕವಚ ಸುಮಾರು 9.8 ಮಿ.ಮೀ. ದಪ್ಪ, 20 ಮಿ.ಮೀ. ಉದ್ದ. ಎರಡನೆಯದು 9.6 ಮಿ.ಮೀ. ದಪ್ಪ, 29 ಮಿ.ಮೀ. ಉದ್ದ. ಯುದ್ಧ ಮುಗಿದ ಮೇಲೆ ಸರ್‌ಪ್ಲಸ್ ವ್ಯಾಪಾರಿಗಳು ಬ್ರಿಟಿಷ್ ವಿಕ್ಟರಿಗಳ ಸಿಲಿಂಡರ್ ಕೊರೆದು ಉದ್ದದ ತೋಟಾ ಹೋಗುವ ಹಾಗೆ ಮಾಡಿದರು, ಬ್ಯಾರೆಲನ್ನೂ ಕಡಿದರು. ಆದರೆ ದಪ್ಪ ಕಮ್ಮಿ ಮಾಡೋಕೆ ಆಗಲ್ಲವಲ್ಲ. ಅದರಲ್ಲಿ .38 ಸ್ಪೆಷಲ್ ಹಾರಿಸಿದರೆ ಕವಚದ ಬುಡ ಉಬ್ಬುತ್ತೆ, ಕೆಲವು ಸಲ ಸೀಳುತ್ತೆ. ನನಗೇ ಒಬ್ಬರು ಇಂಥದ್ದನ್ನು 'ಒರಿಜಿನಲ್' ಅಂತ ಮಾರಿದ್ದರು. ಮನೆಗೆ ತಂದು .38 ಸ್ಪೆಷಲ್‌ನ ಖಾಲಿ ಕವಚ ಇಟ್ಟು ನೋಡಿದರೆ ತಳದವರೆಗೂ ಇಳಿಯಿತು. ಕೊರೆಯದ ಬ್ರಿಟಿಷ್ ಸಿಲಿಂಡರಿನಲ್ಲಿ ಅದು ಅರ್ಧಕ್ಕೇ ನಿಲ್ಲಬೇಕಿತ್ತು. ಈ ಪರೀಕ್ಷೆಯನ್ನು ಅಂಗಡಿಯಲ್ಲೇ ಮಾಡಿ.

ವಿಕ್ಟರಿ ಬಗ್ಗೆ ಇನ್ನೊಂದು ಗೊತ್ತಿರಲಿ. 1944ರಲ್ಲಿ ಹಡಗಿನ ಉಕ್ಕಿನ ಡೆಕ್ ಮೇಲೆ ಒಂದು ವಿಕ್ಟರಿ ಬಿದ್ದು, ತಾನಾಗಿ ಹಾರಿ, ಒಬ್ಬ ನಾವಿಕ ಸತ್ತ. ಅದಾದ ಮೇಲೆ ಕಂಪನಿ ಹ್ಯಾಮರನ್ನು ತಡೆಯುವ ಹೊಸ ಕೀಲು ಹಾಕಿತು, ನಂಬರಿನ ಮೊದಲು 'ಎಸ್' ಸೇರಿಸಿತು. ಬರೀ 'ವಿ' ಇದ್ದರೆ ಹಳೇ ಕೀಲು, 'ಎಸ್‌ವಿ' ಇದ್ದರೆ ಹೊಸದು. ಒಂದು ಅಕ್ಷರದ ಹಿಂದೆ ಒಬ್ಬನ ಸಾವು ಇದೆ.

ಕಾನೂನಿನ ಕೆಲಸ ಮುಗಿಸಿದ್ದೀರಿ, ಒಳ್ಳೆಯದು. ಆದರೂ ಒಂದು ಮಾತು. 'ಆ್ಯಂಟಿಕ್' ಅನ್ನೋ ಪದಕ್ಕೆ ಒಂದೊಂದು ದೇಶದಲ್ಲಿ ಒಂದೊಂದು ಅರ್ಥ. ಅಮೆರಿಕದ ಫೆಡರಲ್ ಕಾನೂನಿನಲ್ಲಿ 1898ರಲ್ಲಿ ಅಥವಾ ಅದಕ್ಕೂ ಮೊದಲು ತಯಾರಾಗಿದ್ದರೆ ಆ್ಯಂಟಿಕ್. ಬ್ರಿಟನ್ನಿನಲ್ಲಿ 2021ರ ನಿಯಮದ ಪ್ರಕಾರ 1939ರ ಸೆಪ್ಟೆಂಬರ್ 1ಕ್ಕೂ ಮೊದಲು ತಯಾರಾಗಿದ್ದರೆ ಮಾತ್ರ ಸಾಲದು, ಅದರ ತೋಟಾ ಅಥವಾ ಹೊತ್ತಿಸುವ ವಿಧಾನವೂ ಬಳಕೆ ತಪ್ಪಿದವುಗಳ ಪಟ್ಟಿಯಲ್ಲಿ ಇರಬೇಕು. ನಿಮ್ಮ 1915ರ ವೆಬ್ಲಿ ಅಮೆರಿಕದ ಲೆಕ್ಕದಲ್ಲಿ ಆ್ಯಂಟಿಕ್ ಅಲ್ಲ. ವ್ಯಾಪಾರಿ ಆ ಪದ ಬಳಸಿದ ಅಂತ ನಂಬಬೇಡಿ, ನೀವಿರುವ ಕಡೆಯ ನಿಯಮವನ್ನು ಪ್ರತಿ ಖರೀದಿಗೂ ಮೊದಲು ಮತ್ತೆ ಓದಿ. ನಿಷ್ಕ್ರಿಯ ಮಾಡಿದ ರಿವಾಲ್ವರ್ ತಗೊಂಡರೆ ಅದು ಹಾಗೇ ಇರಲಿ.

ಮುಂದೆ ಯಾವುದು ಹುಡುಕಲಿ ಅಂತ ಕೇಳಿದ್ದೀರಿ. ಚೆನ್ನಾಗಿ ಕಂಡದ್ದನ್ನೆಲ್ಲ ತಗೊಂಡರೆ ಎರಡು ವರ್ಷಕ್ಕೆ ದುಡ್ಡೂ ಮುಗಿಯುತ್ತೆ, ಆಸಕ್ತಿಯೂ ಮುಗಿಯುತ್ತೆ. ಒಂದು ಎಳೆ ಹಿಡಿದುಕೊಳ್ಳಿ. ಕೆಲವರು ಒಂದೇ ದೇಶ ಹಿಡಿಯುತ್ತಾರೆ, ಕೆಲವರು ಒಂದೇ ಯುದ್ಧ. ನಾನು ಹಿಡಿದ ಎಳೆ ಬೇರೆ: ಖಾಲಿ ಕವಚ ಹೊರಗೆ ಬರೋದು ಹೇಗೆ? ಗುಂಡು ಮುಗಿದಾಗ ಸೈನಿಕನ ಪ್ರಾಣ ಇದ್ದದ್ದು ಇದರ ಮೇಲೆಯೇ. ನಾನು ಹಾಳುಮಾಡಿಕೊಂಡ ಆ ಜರ್ಮನ್ ರಿವಾಲ್ವರಿನಲ್ಲಿ ಕವಚ ಹೊರದಬ್ಬುವ ಸಾಧನವೇ ಇಲ್ಲ, ಕಡ್ಡಿಯಿಂದ ಒಂದೊಂದಾಗಿ ಕುಟ್ಟಿ ತೆಗೆಯಬೇಕು. ನಗಾಂನಲ್ಲಿ ಪಕ್ಕದ ಬಾಗಿಲು ತೆರೆದು, ಕಡ್ಡಿ ಎಳೆದು ತಿರುಗಿಸಿ, ಏಳು ಸಲ ತಳ್ಳಬೇಕು. 1880ರ ಬ್ರಿಟಿಷ್ ಎನ್‌ಫೀಲ್ಡಿನಲ್ಲಿ ಬ್ಯಾರೆಲ್ ಬಾಗಿಸಿದರೆ ಸಿಲಿಂಡರ್ ಮುಂದಕ್ಕೆ ಸರಿದು ಕವಚಗಳು ಬೀಳಬೇಕು, ಆದರೆ ಕೆಳಗಿನದು ಸಿಕ್ಕಿಹಾಕಿಕೊಳ್ಳುತ್ತಿತ್ತು. ವೆಬ್ಲಿಯಲ್ಲಿ ಬಾಗಿಸಿದರೆ ಆರೂ ಒಟ್ಟಿಗೆ ಹಾರಿ ಬೀಳುತ್ತವೆ. ಫ್ರಾನ್ಸಿನ 1892ರ 8 ಮಿ.ಮೀ. ರಿವಾಲ್ವರಿನಲ್ಲಿ ಸಿಲಿಂಡರ್ ಪಕ್ಕಕ್ಕೆ, ಅದೂ ಬಲಕ್ಕೆ, ತೆರೆಯುತ್ತೆ. ಅಮೆರಿಕದ 1917ರ ಮಾಡೆಲಿನಲ್ಲಿ ಎಡಕ್ಕೆ. ಈ ಆರನ್ನು ಸಾಲಾಗಿ ಇಟ್ಟರೆ ಮಧ್ಯದಲ್ಲಿ ಏನೂ ವಿವರಿಸಬೇಕಾಗಿಲ್ಲ, ನೋಡಿದವರಿಗೆ ಅರ್ಥವಾಗುತ್ತೆ.

ದಾರಿಯಲ್ಲಿ ಜಪಾನಿನ 26ನೇ ಮಾಡೆಲ್ ಸಿಕ್ಕರೆ ಬಿಡಬೇಡಿ. ಮೇಜಿ ಆಳ್ವಿಕೆಯ 26ನೇ ವರ್ಷ, ಅಂದರೆ 1893ರದ್ದು, ಅದಕ್ಕೇ ಆ ಹೆಸರು. ಹ್ಯಾಮರಿಗೆ ಹೆಬ್ಬೆರಳು ಇಡುವ ಕೊಕ್ಕೆ ಇಲ್ಲ, ಅದು ಮುರಿದದ್ದಲ್ಲ, ಹುಟ್ಟಿದ್ದೇ ಹಾಗೆ. ಟ್ರಿಗರ್ ಎಳೆಯದೇ ಇರುವಾಗ ಸಿಲಿಂಡರ್ ಸುಮ್ನೆ ತಿರುಗುತ್ತೆ, ಅದೂ ಕೆಟ್ಟದ್ದಲ್ಲ, ವಿನ್ಯಾಸದಲ್ಲೇ ಇದ್ದ ಕೊರತೆ. ಇದೇ ತರಹ ಬ್ರಿಟಿಷ್ ಎನ್‌ಫೀಲ್ಡ್ ನಂಬರ್ 2ರಲ್ಲಿ 1938ರಿಂದ ಹ್ಯಾಮರ್ ಕೊಕ್ಕೆ ತೆಗೆದರು, ಟ್ಯಾಂಕಿನೊಳಗೆ ಬಟ್ಟೆಗೆ, ತಂತಿಗೆ ಸಿಕ್ಕಿಕೊಳ್ಳುತ್ತೆ ಅಂತ. ಗೊತ್ತಿಲ್ಲದವರು ಅದನ್ನು ನೋಡಿ 'ಮುರಿದಿದೆ' ಅಂತ ಕಮ್ಮಿ ಬೆಲೆಗೆ ಕೊಟ್ಟದ್ದೂ ಇದೆ.

ಇಡೋದು ಹೇಗೆ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಚರ್ಮದ ಹೋಲ್‌ಸ್ಟರಿನೊಳಗೆ ಇಡಬೇಡಿ. ಚರ್ಮ ತೇವ ಹಿಡಿದುಕೊಳ್ಳುತ್ತೆ, ಹದ ಮಾಡಿದ ರಾಸಾಯನಿಕವೂ ಅದರಲ್ಲಿ ಇರುತ್ತೆ, ಲೋಹ ತಿನ್ನುತ್ತೆ. ಹೋಲ್‌ಸ್ಟರ್ ಬೇರೆ, ರಿವಾಲ್ವರ್ ಬೇರೆ ಇಡಿ. ಮುಟ್ಟಿದಾಗಲೆಲ್ಲ ಬೆವರಿನ ಉಪ್ಪು ಅಂಟುತ್ತೆ, ಹಾಗಾಗಿ ಹತ್ತಿಯ ಕೈಗವಸು ಹಾಕಿಕೊಳ್ಳಿ ಅಥವಾ ಮುಟ್ಟಿದ ಮೇಲೆ ಒರೆಸಿ. ವರ್ಷಕ್ಕೊಮ್ಮೆ ತೆಳುವಾಗಿ ಮೇಣ ಹಚ್ಚಿದರೆ ಎಣ್ಣೆಗಿಂತ ಜಾಸ್ತಿ ದಿನ ನಿಲ್ಲುತ್ತೆ. ಬ್ರಿಟಿಷ್ ಮ್ಯೂಸಿಯಂನವರು ತಮ್ಮ ವಸ್ತುಗಳಿಗೆ ಅಂತ 1950ರ ದಶಕದಲ್ಲಿ ಮಾಡಿಕೊಂಡ ರೆನೆಸಾನ್ಸ್ ವ್ಯಾಕ್ಸ್ ಇದಕ್ಕೆ ಚೆನ್ನಾಗಿದೆ. ಬೀಗ ಇರುವ ಪೆಟ್ಟಿಗೆ, ಒಳಗೆ ಸಿಲಿಕಾ ಜೆಲ್. ತೋಟಾ ಯಾವತ್ತೂ ಅದೇ ಪೆಟ್ಟಿಗೆಯಲ್ಲಿ ಬೇಡ.

ಕಂದು ವೆಬ್ಲಿಯನ್ನು ತಂದ ದಿನ ಎಣ್ಣೆ ಹಾಕುವ ಮೊದಲೇ ಎಲ್ಲ ಠಸ್ಸೆಗಳ ಫೋಟೋ ತೆಗೆದಿಡಿ, ಬೆಳಕು ಪಕ್ಕದಿಂದ ಓರೆಯಾಗಿ ಬೀಳಲಿ, ಆಗ ಸವೆದ ಅಕ್ಷರವೂ ನೆರಳಿನಲ್ಲಿ ಏಳುತ್ತೆ. ಹಿಡಿಯ ಮೇಲೆ ಯಾರಾದರೂ ಚಾಕುವಿನಿಂದ ಹೆಸರೋ, ಇನಿಷಿಯಲ್ಲೋ ಕೆತ್ತಿದ್ದರೆ ಅದನ್ನೂ ತೆಗೆಯಿರಿ. ಓದೋಕೆ ಬಾರದ್ದು ಏನಾದರೂ ಇದ್ದರೆ ಕಳಿಸಿ, ಕೂತು ನೋಡೋಣ.